ಡಿಕ್ಕಿಯ ಮೇಲಿನ ಮೂರೆಳೆ ವಿಭೂತಿ

ಹೊರಗೆ ಕಾರಿನ ಹತ್ತಿರ ಕಾಶಿಬಾಯಿ ಕೂಗಿಕೊಂಡಾಗ ಸಂಗಮನಾಥ ಬಾಯಿಗೊಯ್ದ ತುತ್ತು ಅಲ್ಲೇ ನಿಂತಿತು. ಬೀದರಿನಿಂದ ಬಂದು ನಾಸಿಕದ ಬ್ಯಾಂಕಿಗೆ ಅಂಟಿಕೊಂಡ ಅವನು ಭಾನುವಾರದ ಊಟಕ್ಕೆ ಹೆದ್ದಾರಿ ಬದಿಯ ಮನೋರಮಾ ಅವರ ಹೋಟೆಲನ್ನು ತಪ್ಪಿಸಿದವನಲ್ಲ. ಕುಂದಾಪುರದ ಆ ಹೆಂಗಸು ಗಲ್ಲಾದಲ್ಲಿ ಕೂತೇ ಊರಿನ ಎಷ್ಟೋ ಕಗ್ಗಂಟುಗಳನ್ನು ಬಿಡಿಸಿದ್ದರು. ಅವರ ಬುದ್ಧಿಗೆ ಅವನು ಎಂದೋ ಶರಣಾಗಿದ್ದ. ಅವರ ಸಿಹಿ ಸಾಂಬಾರನ್ನು ಮಾತ್ರ ಇನ್ನೂ ಕ್ಷಮಿಸಿರಲಿಲ್ಲ.

ಕಾಶಿಬಾಯಿಯೂ ಅವನ ಜಿಲ್ಲೆಯವರೇ. ಮಗಳು ಅಶ್ವಿನಿ, ಅಣ್ಣನ ಮಗ ಶಿವಕಾಂತ ಇಬ್ಬರನ್ನೂ ಕಟ್ಟಿಕೊಂಡು ಆ ಬೆಳಿಗ್ಗೆ ಹೈದರಾಬಾದಿನಿಂದ ಚಿಕಲಠಾಣಾ ನಿಲ್ದಾಣಕ್ಕೆ ವಿಮಾನದಲ್ಲಿ ಬಂದಿಳಿದಿದ್ದರು. ಅಲ್ಲೇ ಡ್ರೈವರ್ ಸಮೇತ ಕಾರು ಬಾಡಿಗೆಗೆ ಹಿಡಿದು ಡಹಾಣೂ ಕಡಲತೀರಕ್ಕೆ ಹೊರಟಿದ್ದರು. ಹುಟ್ಟಿದಾಗಿನಿಂದ ಸಮುದ್ರ ಕಂಡವರಲ್ಲ ಆ ಅಜ್ಜಿ. ಬೀಗ ಹಾಕಿದ ಮನೆಯನ್ನು ನಂಬದೆ, ಅತ್ತೆ ಕೊಟ್ಟ ಬಂಗಾರದ ಬೋರಮಾಳ ಸರವನ್ನು ಚೀಲದಲ್ಲಿಟ್ಟುಕೊಂಡೇ ಬಂದಿದ್ದರು. ಊಟವಾದ ಮೇಲೆ ಮಾತ್ರೆಗೆಂದು ಶಿವಕಾಂತನಿಂದ ಡಿಕ್ಕಿ ತೆಗೆಸಿದರೆ, ಚೀಲವಿತ್ತು, ಮಾತ್ರೆಯಿತ್ತು, ಸರ ಇರಲಿಲ್ಲ.

"ನಾವು ಉಣ್ಣಾಕ ಕುಂತಾಗ ಕೀಲಿ ಯಾರ ಕೈಯಾಗ ಇತ್ತು?" ಎಂದ ಶಿವಕಾಂತ. ಎಲ್ಲರ ಕಣ್ಣೂ ಡ್ರೈವರ್ ಹರಿದಾಸನ ಮೇಲೆ ಬಿತ್ತು. ಸಂಗಮನಾಥನೂ ಅವನನ್ನೇ ದಿಟ್ಟಿಸಿದ. ಊರವರು ಅತ್ತರೆ ನ್ಯಾಯವೂ ಅವರ ಕಡೆಗೇ ಇರಬೇಕೆನ್ನುವ ಚಪಲ ಅವನದು.

ಹರಿದಾಸ ಚಿಕಲಠಾಣಾ ಹತ್ತಿರದ ಗಂಗಾಪುರದ ಮರಾಠಿಯವನು, ತಾಯಿಯ ತವರು ಬಸವಕಲ್ಯಾಣವಾದ್ದರಿಂದ ಕನ್ನಡ ಬರುತ್ತಿತ್ತು. ವಿಮಾನ ನಿಲ್ದಾಣದ ಬಾಡಿಗೆ ಕಾರಿನ ಕೆಲಸ ಅವನಿಗೆ ಈಚೆಗಷ್ಟೇ ದಕ್ಕಿತ್ತು. "ಆಯಿ, ನಾ ಡಿಕ್ಕಿ ಮುಟ್ಟಿಲ್ಲರಿ. ಪೊಲೀಸ್ ಕಂಪ್ಲೇಂಟ್ ಆತಂದ್ರ ನನಗ ಮತ್ತ ಯಾರೂ ಸ್ಟೇರಿಂಗ್ ಕೊಡಂಗಿಲ್ಲ," ಎಂದ.

ಶಿವಕಾಂತ ಪೊಲೀಸರಿಗೆ ಫೋನು ಹಚ್ಚಲು ಹೊರಟಿದ್ದ. ಮನೋರಮಾ ಗಲ್ಲಾ ಬಿಟ್ಟು ಬಂದು, ಮೊದಲು ಅಜ್ಜಿ ಮಾತ್ರೆ ತೆಗೆದುಕೊಳ್ಳಲಿ ಎಂದರು. ಬಿಸಿನೀರಿಲ್ಲದೆ ಕಾಶಿಬಾಯಿಗೆ ಮಾತ್ರೆ ಇಳಿಯದು. ಹೈದರಾಬಾದಿನಲ್ಲಿ ಅದಕ್ಕೆಂದೇ ತುಂಬಿಸಿದ ಸ್ಟೀಲ್ ಫ್ಲಾಸ್ಕು ಶಿವಕಾಂತನ ಹೆಗಲಲ್ಲೇ ತೂಗುತ್ತಿತ್ತು. ಕಾಶಿಬಾಯಿ ಅದನ್ನು ಕೇಳಿದರೆ ಅವನು, ನೀರು ಆರಿಹೋಗಿದೆ ಎಂದು ಮಾಣಿಯನ್ನು ಕೂಗಿ ಬೇರೆ ನೀರು ತರಿಸಿದ.

ಮನೋರಮಾ ಕಾರಿನ ಸುತ್ತ ಒಂದು ಸುತ್ತು ಬಂದರು. ಬಾನೆಟ್ಟಿನ ಮೇಲೆ ಮೂರೆಳೆ ವಿಭೂತಿ ಅಚ್ಚಳಿಯದೆ ಇತ್ತು. ಡಿಕ್ಕಿಯ ಹಿಡಿಯ ಮೇಲಿನದು ಅಳಿಸಿಹೋಗಿತ್ತು. ಕೇಳಿದಾಗ ಕಾಶಿಬಾಯಿ ಅಳುತ್ತಲೇ ಹೇಳಿದರು: ಹತ್ತುವ ಗಾಡಿ ಬಾಡಿಗೆಯದಾದರೂ ಪೂಜೆಯಿಲ್ಲದೆ ಹತ್ತುವವರಲ್ಲ ಅವರು. ವಿಮಾನ ನಿಲ್ದಾಣದ ಕಾವಲುಗಾರ ತೆಂಗಿನಕಾಯಿ ಒಡೆಯಲು ಬಿಡಲಿಲ್ಲ. ಆ ಸಿಟ್ಟಿಗೆ ವಿಭೂತಿಯನ್ನೇ ದಪ್ಪಗೆ ಕಲಸಿ ಮೊದಲು ಮುಂದೆ, ಚೀಲ ತುಂಬಿ ಡಿಕ್ಕಿ ಮುಚ್ಚಿದ ಮೇಲೆ ಹಿಂದೆ ಎಳೆದಿದ್ದರು. ಅಷ್ಟು ಹೊತ್ತೂ ಅವರ ಅಂಗೈಗೆ ನೀರು ಹನಿಸುತ್ತಾ ನಿಂತವನು ಹರಿದಾಸ. ಅಶ್ವಿನಿ ಕೌಂಟರಿನಲ್ಲಿ ಸಹಿ ಹಾಕುತ್ತಿದ್ದಳು.

"ಈಗ ಡಿಕ್ಕಿ ತೆಗೆಯುವ ಮೊದಲು ಆ ವಿಭೂತಿ ಹೇಗಿತ್ತು ಅಮ್ಮ?" ಎಂದು ಮನೋರಮಾ ಕೇಳಿದರು.

"ಹೆಂಗ ಹಚ್ಚಿದ್ನೋ ಹಂಗೇ ಇತ್ತವ್ವ. ಕೈ ಮುಗದೆ, ಆಮ್ಯಾಲೆ ಶಿವಾ ತೆಗದ."

ಮನೋರಮಾ ಎಲ್ಲರನ್ನೂ ಒಳಗೆ ಕರೆದು ಫ್ಯಾಮಿಲಿ ರೂಮಿನಲ್ಲಿ ಕೂರಿಸಿದರು. ಅವರ ಮುಖದ ಮೇಲಿನ ಸಣ್ಣ ನಗೆ ಸಂಗಮನಾಥನಿಗೆ ಚೆನ್ನಾಗಿ ಗೊತ್ತಿತ್ತು. ಯಾರದೋ ಗ್ರಹಚಾರ ನೆಟ್ಟಗಿಲ್ಲ ಎಂದುಕೊಂಡ.

"ಈ ಡಿಕ್ಕಿ ಹಿಡಿಗೆ ಬೆರಳು ಹಾಕದೆ ತೆರೆಯುವುದಿಲ್ಲ, ಸೀಟಿನ ಕಡೆಯಿಂದ ದಾರಿಯೂ ಇಲ್ಲ," ಎಂದು ಶುರುಮಾಡಿದರು. "ಒಣಗಿದ ವಿಭೂತಿ ಬೆರಳು ತಾಗಿದರೆ ಉದುರ್ತದೆ. ಇವರು ಕೈ ಮುಗಿಯುವಾಗ ಮೂರೂ ಎಳೆ ಸರಿಯಾಗಿತ್ತಂತೆ. ಅಂದ ಮೇಲೆ ಪೂಜೆಯಿಂದ ಇಲ್ಲಿಯ ತನಕ ಡಿಕ್ಕಿ ತೆರೆದೇ ಇಲ್ಲ. ಸರ ಹೋದದ್ದು ನನ್ನ ಅಂಗಳದಲ್ಲಿ ಅಲ್ಲ ಮಾರಾಯ್ರೆ, ಚಿಕಲಠಾಣಾದಲ್ಲಿ, ವಿಭೂತಿ ಹಚ್ಚುವ ಮೊದಲು."

ಸರವನ್ನು ಕೊನೆಯ ಸಲ ನೋಡಿದ್ದು ಯಾವಾಗ ಎಂದು ಕಾಶಿಬಾಯಿಯನ್ನು ಕೇಳಿದರು. ವಿಮಾನದಿಂದ ಇಳಿದ ಮೇಲೆ ಚೀಲ ಬಿಚ್ಚಿ ಮುಟ್ಟಿ ನೋಡಿದ್ದೆ ಎಂದರು ಆಕೆ. ಹಾಗಾದರೆ ಆಮೇಲೆ ಚೀಲಗಳನ್ನು ಡಿಕ್ಕಿಯಲ್ಲಿ ಜೋಡಿಸಿದವರು ಯಾರು? ಅಶ್ವಿನಿ ಮೆಲ್ಲಗೆ ಶಿವಕಾಂತನ ಕಡೆ ತಿರುಗಿದಳು. ಹರಿದಾಸ ಆಗ ಅಜ್ಜಿಯ ಪಕ್ಕದಲ್ಲೇ ನೀರು ಹಿಡಿದು ನಿಂತಿದ್ದನಲ್ಲ!

"ಬೆಳಿಗ್ಗೆ ತುಂಬಿಸಿದ ಸ್ಟೀಲ್ ಫ್ಲಾಸ್ಕಿನ ನೀರು ಮಧ್ಯಾಹ್ನಕ್ಕೇ ಆರುವುದಾ?" ಎಂದರು ಮನೋರಮಾ. "ಅತ್ತೆ ಮಾತ್ರೆಗೆ ಕೇಳಿದರೂ ಮುಚ್ಚಳ ತೆರೆಯಲಿಲ್ಲ. ಅದರಲ್ಲಿ ನೀರೇ ಇಲ್ಲ ಅಂತ ನನ್ನ ಲೆಕ್ಕ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎನ್ನುವ ಗಾದೆಯನ್ನು ಸಂಗಮನಾಥ ಕಣ್ಣಾರೆ ಕಂಡದ್ದು ಅವತ್ತೇ. ಶಿವಕಾಂತನ ಕೈ ತಾನಾಗಿ ಹೆಗಲ ಪಟ್ಟಿಗೆ ಹೋಗಿತ್ತು. ಅಶ್ವಿನಿ ಫ್ಲಾಸ್ಕು ಕಸಿದು ಮುಚ್ಚಳ ತಿರುಗಿಸಿದಳು. ಕರವಸ್ತ್ರದಲ್ಲಿ ಸುತ್ತಿದ ಬೋರಮಾಳ ಸರ ಮೇಜಿನ ಮೇಲೆ ಬಿತ್ತು. ಎಂದಿದ್ದರೂ ಅದು ಅಶ್ವಿನಿಗೇ ಹೋಗುತ್ತದೆ, ತನ್ನ ಪಾಲಿಗೆ ಏನೂ ಇಲ್ಲ ಎಂದು ಹೊಟ್ಟೆಯುರಿದು ಕದ್ದೆ ಎಂದು ಅವನು ನೆಲ ನೋಡುತ್ತಾ ಒಪ್ಪಿಕೊಂಡ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಪೊಲೀಸರನ್ನು ಕರೆಯಲು ಕಾಶಿಬಾಯಿಗೆ ಮನಸ್ಸಾಗಲಿಲ್ಲ. ಸತ್ತ ಅಣ್ಣನ ಮುಖ ಅಡ್ಡ ಬಂತು. ಸಿಕ್ಕ ಬಸ್ಸಿಗೆ ಊರು ಸೇರು ಎಂದು ಶಿವಕಾಂತನನ್ನು ಅಲ್ಲಿಂದಲೇ ಕಳಿಸಿದರು. ಆಮೇಲೆ ಹರಿದಾಸನ ಮುಂದೆ ನಿಂತರು. ಆ ಹೊತ್ತಿನಲ್ಲಿ ಅವರಿಗೆ ಸರ ಸಿಕ್ಕ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು.

"ನಿನ್ನ ಕೈಲೇ ನೀರು ಹಾಕಿಸ್ಕೊಂಡು ನಿನ್ನೇ ಕಳ್ಳ ಅಂದ್ನೆಪ್ಪ. ನನಗ ಸಮುದ್ರ ತೋರಸ್ತೀಯಾ?"

ಹರಿದಾಸ ಕಣ್ಣೊರೆಸಿಕೊಂಡು, ತೋರಿಸ್ತೀನಿ ಆಯಿ, ಎಂದ. ಅವರು ಅವನ ಹಣೆಗೆ ಮೂರೆಳೆ ವಿಭೂತಿ ಹಚ್ಚಿದರು.

ಹೊರಡುವ ಮೊದಲು ಮನೋರಮಾ ಅಡುಗೆಮನೆಯಿಂದ ದೊಡ್ಡ ತೆಂಗಿನಕಾಯಿಯೊಂದನ್ನು ತರಿಸಿ, ಇದು ನನ್ನ ಅಂಗಳ, ಇಲ್ಲಿ ಕಾವಲುಗಾರರ ಕಾಟವಿಲ್ಲ, ಎಂದರು. ಕಾಶಿಬಾಯಿ ಅದನ್ನು ಹರಿದಾಸನ ಕೈಗಿಟ್ಟರು. ಅವನು ಕಾರಿನ ಮುಂದೆ ನಿಂತು ಎರಡೂ ಕೈ ಎತ್ತಿ ಒಂದೇ ಏಟಿಗೆ ಒಡೆದ. ಕಾಯಿನೀರು ಸಂಗಮನಾಥನ ಇಸ್ತ್ರಿ ಅಂಗಿಗೂ ಸಿಡಿಯಿತು. ಅವನು ಬೈಯಲಿಲ್ಲ. ಮುಂದಿನ ಸೀಟಿನಲ್ಲಿ ಸರ ಹಾಕಿಕೊಂಡು ಕೂತ ಕಾಶಿಬಾಯಿ, ಕಾರು ರಸ್ತೆಗೆ ತಿರುಗುವ ತನಕ ಕೈ ಬೀಸುತ್ತಲೇ ಇದ್ದರು.