ಪಾಸಾಗದ ಟಿವಿ

“ಅಯ್ಯೋ, ಇದೂ ನಾಳೆ ಓಯ್ತದಾ?” ದಿವ್ಯ ಕೈಯಲ್ಲಿದ್ದ ರಿಮೋಟನ್ನು ಚಾಪೆಯ ಮೇಲೆ ಎಸೆದಳು.

“ಓಗ್ದೆ ಇನ್ನೇನು? ಬನ್ನೂರಿನ ಚಲುವಯ್ಯನೋರು ಬತ್ತಾರಂತೆ,” ಎಂದಳು ಅವ್ವ ಅಡುಗೆಮನೆಯಿಂದಲೇ. “ರಿಮೋಟ್ ಒಡ್ದಾಕ್‌ಬೇಡ. ಆಮೇಲೆ ನಿಮ್ಮಪ್ಪ ಅದಕ್ಕೂ ರೇಗಾಡ್ತಾನೆ.”

ದಿವ್ಯಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಅವರ ಮನೆಯಲ್ಲಿ ಟಿವಿಗೇನು ಬರವೇ? ಬಾಗಿಲ ಹಿಂದೆ ಟಿವಿ, ಬೀರುವಿನ ಪಕ್ಕ ಟಿವಿ, ಮಂಚದ ಕೆಳಗೂ ಟಿವಿ. ಎಲ್ಲವೂ ಫ್ಲ್ಯಾಟ್ ಟಿವಿ, ಎಲ್ಲವೂ ಕೆಟ್ಟವು. ಜಾಗ ಸಾಲದೆ ಅಕ್ಕಿ ಮೂಟೆ ದೇವರ ಗೂಡಿನ ಕೆಳಗೆ ಹೋಗಿ ಕೂತಿತ್ತು.

ಅಪ್ಪ ಪುಟ್ಟಸ್ವಾಮಿ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್. ಮಧ್ಯಾಹ್ನ ಹೋದರೆ ಬರುವುದು ರಾತ್ರಿ. ಬೆಳಗಿನ ಹೊತ್ತು ಮನೆಯಲ್ಲೇ ಟಿವಿ ರಿಪೇರಿ. ನಂಜನಗೂಡಿಗೆ ಫ್ಲ್ಯಾಟ್ ಟಿವಿ ಇನ್ನೂ ಹೊಸದು. ಮೈಸೂರಿನಲ್ಲಿ ಕೆಟ್ಟು ಮೂಲೆ ಸೇರಿದವನ್ನು ಅಪ್ಪ ಗುಜರಿ ಬೆಲೆಗೆ ತಂದು, ಸರಿಮಾಡಿ, ಲಾಭಕ್ಕೆ ಮಾರುತ್ತಿದ್ದ.

ರಿಪೇರಿಯಾದ ಟಿವಿ ನೇರವಾಗಿ ಗಿರಾಕಿಯ ಮನೆಗೆ ಹೋಗುತ್ತಿರಲಿಲ್ಲ. ಮೊದಲು ಇವರ ಮನೆಯ ಮೇಜಿನ ಮೇಲೆ ಎರಡು ಮೂರು ಸಂಜೆ ಓಡಬೇಕು. ಸ್ಕೂಲಿನಿಂದ ಬಂದ ದಿವ್ಯ ಅದನ್ನು ಆನ್ ಮಾಡಿ ನೋಡಿ, ಬೆಳಿಗ್ಗೆ ಅಪ್ಪನಿಗೆ ರಿಪೋರ್ಟ್ ಕೊಡಬೇಕು. “ನಮ್ ದಿವ್ಯ ಪಾಸ್ ಮಾಡವ್ಳೆ ಸಾ, ಕಣ್ಮುಚ್ಕಂಡ್ ತಗೊಂಡೋಗಿ,” ಎಂದು ಅಪ್ಪ ಗಿರಾಕಿಗಳಿಗೆ ಹೇಳುತ್ತಿದ್ದ.

ತೊಂದರೆ ಇದ್ದದ್ದೇ ಅಲ್ಲಿ. ಚೆನ್ನಾಗಿ ಓಡುವ ಟಿವಿ ಮನೆ ಬಿಟ್ಟು ಹೋಗುತ್ತದೆ, ಓಡದ ಟಿವಿ ಮನೆಯಲ್ಲೇ ಉಳಿಯುತ್ತದೆ! ಒಂದು ಸಲ ಅವ್ವನ ಧಾರಾವಾಹಿಯಲ್ಲಿ ಸೊಸೆ ಇನ್ನೇನು ಬಾಗಿಲು ತೆಗೆಯಬೇಕು, ಅಷ್ಟರಲ್ಲಿ ಗಿರಾಕಿ ಬಂದು ಪ್ಲಗ್ ಕಿತ್ತಿದ್ದ. ಬಾಗಿಲಾಚೆ ನಿಂತಿದ್ದವರು ಯಾರೆಂದು ಅವ್ವನಿಗೆ ಇವತ್ತಿಗೂ ಗೊತ್ತಿಲ್ಲ. ಅವತ್ತಿನಿಂದ ಅವಳು ಟಿವಿ ಕಡೆ ತಿರುಗಿಯೂ ನೋಡುವುದಿಲ್ಲ.

ಆದರೆ ಈ ಟಿವಿ ಮಾತ್ರ ಹೋಗಕೂಡದು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ದಿವ್ಯಳ ಸ್ಕೂಲಿನವರ ಕಂಸಾಳೆ ಕುಣಿತ ಟಿವಿಯಲ್ಲಿ ಬರುವುದಿತ್ತು. ಮೈಸೂರಿಗೆ ಕರೆದುಕೊಂಡು ಹೋಗಿ ರೆಕಾರ್ಡ್ ಮಾಡಿಸಿದ್ದರು. “ನಮ್ಮನೇಗೇ ಬನ್ರೇ, ದೊಡ್ಡ ಸ್ಕ್ರೀನಲ್ಲಿ ನೋಡಣ,” ಎಂದು ದಿವ್ಯ ಗೆಳತಿ ಶಿವಾನಿಗೂ ಕ್ಲಾಸಿನ ಹುಡುಗಿಯರಿಗೂ ಹೇಳಿಬಿಟ್ಟಿದ್ದಳು. ಈಗ ಅವರಿಗೆ ಏನನ್ನು ತೋರಿಸುವುದು? ಅಕ್ಕಿ ಮೂಟೆಯನ್ನೇ?

ಗುರುವಾರ ಬೆಳಿಗ್ಗೆ ಅಪ್ಪ ಹಲ್ಲುಜ್ಜುತ್ತಾ ಕೇಳಿದ. “ಏನ್ ಮಗ, ಪಾಸಾ?”

“ಇಲ್ಲಪ್ಪ,” ಎಂದಳು ದಿವ್ಯ. “ಅರ್ಧ ಗಂಟೆ ಆದ್ಮೇಲೆ ಎಡಗಡೆ ಮೂಲೆ ಕತ್ಲಾಯ್ತದೆ.”

ಅಪ್ಪ ಎರಡನೇ ಸಲ ಕೇಳಲಿಲ್ಲ. ಬಾಯಿ ಮುಕ್ಕಳಿಸಿ ಬಂದವನೇ ಚಲುವಯ್ಯನಿಗೆ ಫೋನ್ ಮಾಡಿದ. “ಎರಡ್ ದಿನ ಟೈಮ್ ಕೊಡಿ ಸಾ.” ಕಂಬಳಿ ಹಾಸಿ, ಟಿವಿಯನ್ನು ಬೋರಲು ಮಲಗಿಸಿ, ಸ್ಕ್ರೂ ಬಿಚ್ಚತೊಡಗಿದ. ದಿವ್ಯ ಕುಣಿಯುತ್ತಾ ಸ್ಕೂಲಿಗೆ ಹೋದಳು.

ಶುಕ್ರವಾರ ಬೆಳಿಗ್ಗೆ ಅಪ್ಪ ಮತ್ತೆ ಕೇಳಿದ. ಸರಿಯಾಗಿದೆ ಎಂದರೆ ಶನಿವಾರವೇ ಟಿವಿ ಬನ್ನೂರಿಗೆ ಹೋಗುತ್ತದೆ.

“ಇನ್ನೂ ಕತ್ಲಾಯ್ತದೆ ಅಪ್ಪ.”

“ಅದೆಂಗೆ? ಹೊಸ ಪಾರ್ಟ್ ಆಕಿವ್ನಿ! ನಾನ್ ಆನ್ ಮಾಡಿದ್ರೆ ಬೆಳ್ಳಗೆ ಬತ್ತಾ ಅದೆ!”

“ನೀನಿದ್ದಾಗ ಆಗಲ್ಲ. ಸಂಜೆ ಮಾತ್ರ ಆಗೋದು.”

ಒಂದು ಸುಳ್ಳಿನ ಬಾಲ ಹಿಡಿದು ಇನ್ನೊಂದು ಸುಳ್ಳು ಬಂದೇಬರುತ್ತದಲ್ಲ! ಅಪ್ಪನ ತಲೆ ಕೆಟ್ಟುಹೋಯಿತು. ಟಿವಿಯನ್ನು ಬಿಚ್ಚಿದ, ಮುಚ್ಚಿದ, ಮತ್ತೆ ಬಿಚ್ಚಿದ. ಒಂದು ಸ್ಕ್ರೂ ಕಳೆದುಹೋಗಿ, ಮನೆಯವರೆಲ್ಲ ಚಾಪೆ ಕೊಡವಿ ಹುಡುಕಬೇಕಾಯಿತು. ತಟ್ಟೆಯ ಉಪ್ಪಿಟ್ಟು ತಣ್ಣಗಾಯಿತು.

“ಆ ಶನೀನ ಗುಜರಿಗಾಕಿ, ತಿನ್ನಕಾದ್ರೂ ಏಳು!” ಎಂದು ಅವ್ವ ಕೂಗಿದಳು.

“ನೀ ಸುಮ್ಕಿರು!” ಎಂದು ಅಪ್ಪ ಅವಳ ಮೇಲೂ ಹರಿಹಾಯ್ದ.

ಶನಿವಾರ ಬೆಳಿಗ್ಗೆಯೂ ದಿವ್ಯ ಅದನ್ನೇ ಹೇಳಿ ಸ್ಕೂಲಿಗೆ ಹೋದಳು. ಮಧ್ಯಾಹ್ನ ಬಂದಾಗ ಬಾಗಿಲಲ್ಲಿ ಒಂದು ಸ್ಕೂಟರ್ ನಿಂತಿತ್ತು. ಚಲುವಯ್ಯ ತಾವೇ ಬಂದಿದ್ದರು. ಅಪ್ಪ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಇದ್ದ.

“ನಮ್ಮವ್ವಂಗೆ ಕಣ್ಣು ಮಂಜು ಕಣಪ್ಪ,” ಎನ್ನುತ್ತಿದ್ದರು ಚಲುವಯ್ಯ. “ದೊಡ್ ಟಿವಿ ಆದ್ರೆ ಕಾಣ್ತದೆ ಅಂತ ಆಸೆ ಮಾಡ್ಕಂಡು ಕೂತದೆ. ಇವತ್ತೂ ಆಗಲ್ಲ ಅಂದ್ರೆ ಎಂಗೆ?”

ಅಪ್ಪ ತಲೆ ತಗ್ಗಿಸಿ ನಿಂತಿದ್ದ. “ಎಲ್ಲಾ ಮಾಡ್ದೆ ಸಾ. ನನ್ ಕೈಲಿ ಆಯ್ತಾ ಇಲ್ಲ. ನೀವು ಬೇರೆ ಕಡೆ ನೋಡ್ಕಳಿ.”

ದಿವ್ಯ ಬಾಗಿಲಲ್ಲೇ ನಿಂತುಬಿಟ್ಟಳು. ನನ್ನ ಕೈಲಿ ಆಗುವುದಿಲ್ಲ ಎಂದು ಅಪ್ಪ ಹೇಳಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಮಿಕ್ಸಿ, ಫ್ಯಾನು, ಪಕ್ಕದ ಮನೆಯ ಮೋಟಾರು, ಯಾವುದಕ್ಕೂ ಅಪ್ಪ ಹಾಗೆ ಹೇಳಿದವನಲ್ಲ.

ಚಲುವಯ್ಯ ಗೊಣಗುತ್ತಾ ಹೊರಟುಹೋದರು. ಅಪ್ಪ ಒಳಗೆ ಬಂದು ಟಿವಿಯನ್ನು ಮತ್ತೆ ಬೋರಲು ಮಲಗಿಸಿದ.

“ಇನ್ನು ಇದು ಬ್ಯಾಡ. ಒಳಗಿನ ಬೋರ್ಡೆಲ್ಲ ಕಿತ್ತು ಬೇರೆದಕ್ಕೆ ಆಕ್ತೀನಿ,” ಎಂದ ತನ್ನಷ್ಟಕ್ಕೆ.

ಸ್ಕ್ರೂಡ್ರೈವರ್ ತಿರುಗಿತು. ದಿವ್ಯ ಚೀಲ ಎಸೆದು ಒಳಗೆ ಓಡಿಬಂದಳು.

“ಅಪ್ಪ, ಕೀಳ್ಬೇಡ! ಅದು ಸರಿಯಾಗೇ ಅದೆ.”

“ಏನು?”

“ಕತ್ಲೇ ಆಗಿಲ್ಲ. ನಾನೇ ಸುಳ್ಳೇಳ್ದೆ. ಭಾನುವಾರ ನಮ್ ಕುಣಿತ ಬತ್ತದಲ್ಲ, ಅಲ್ಲೀವರ್ಗೂ ಇರ್ಲಿ ಅಂತ...”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಪ್ಪ ಈಗ ಬೈಯುತ್ತಾನೆ ಎಂದು ದಿವ್ಯ ಮುದುಡಿ ನಿಂತಳು. ಅಪ್ಪ ಬೈಯಲಿಲ್ಲ. ಸ್ಕ್ರೂಡ್ರೈವರ್ ಕೆಳಗಿಟ್ಟ.

“ಒಂದ್ ಸಲಾನೂ ಆಗಿಲ್ವಾ?”

“ಇಲ್ಲ.”

“ಓದ್ ವಾರದ್ದು ಪಾಸು ಅಂದ್ಯಲ್ಲ, ಅದು?”

“ಅದು ನಿಜ ಅಪ್ಪ! ಅವೆಲ್ಲ ನಿಜ!”

ಅಪ್ಪ ಸ್ಕ್ರೂಡ್ರೈವರನ್ನು ಮತ್ತೆ ಕೈಗೆತ್ತಿಕೊಂಡ. ಒಂದೊಂದೇ ಸ್ಕ್ರೂವನ್ನು ಹಿಂದಕ್ಕೆ ಹಾಕಿದ. ಬೈಯುವ ಕೆಲಸವನ್ನು ಅವ್ವನೇ ಇಬ್ಬರ ಪಾಲಿನದ್ದೂ ಸೇರಿಸಿ ಮಾಡಿದಳು.

ಭಾನುವಾರ ದಿವ್ಯ ಎದ್ದಾಗ ಟಿವಿ ಆಗಲೇ ಓಡುತ್ತಿತ್ತು. ಅಪ್ಪ ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕುಳಿತಿದ್ದ. ನಿದ್ದೆಯಿಲ್ಲದೆ ಅವನ ಕಣ್ಣು ಕೆಂಪಾಗಿತ್ತು.

“ಚಲುವಯ್ಯನೋರಿಗೆ ಫೋನ್ ಮಾಡಿವ್ನಿ. ಸರಿಯಾಗಿದ್ರೆ ಸಂಜೆ ತಗೊಂಡೋಯ್ತಾರೆ,” ಎಂದ ಅಪ್ಪ ಅವ್ವನಿಗೆ.

“ನಾನ್ ನೋಡ್ಕತೀನಿ ಬುಡಪ್ಪ. ನೀನು ಕಾಫಿ ಕುಡಿ ಓಗು,” ಎಂದಳು ದಿವ್ಯ ಮೆಲ್ಲಗೆ.

“ಬ್ಯಾಡ. ನಾನೇ ನೋಡ್ತೀನಿ.”

ಅಪ್ಪ ಸಿಟ್ಟಿನಿಂದ ಹೇಳಿರಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು ಎನಿಸಿತು ದಿವ್ಯಳಿಗೆ.

ಹತ್ತು ಗಂಟೆಗೆ ಶಿವಾನಿಯೂ ಹುಡುಗಿಯರೂ ಗದ್ದಲ ಮಾಡುತ್ತಾ ಬಂದರು. ಚಾಪೆ ತುಂಬಿತು. ಕಂಸಾಳೆಯ ಸದ್ದು ಕೇಳಿದ್ದೇ ತಡ, ಟಿವಿ ಕಡೆ ತಿರುಗಿಯೂ ನೋಡದ ಅವ್ವ ಸೌಟು ಹಿಡಿದುಕೊಂಡೇ ಓಡಿಬಂದಳು.

“ಅಗೋ ದಿವ್ಯ! ಎಡಗಡೆ ಮೂಲೇಲಿ ನೋಡ್ರೇ!” ಎಂದು ಶಿವಾನಿ ಕಿರುಚಿದಳು.

ಹೌದು, ಅಲ್ಲಿ ದಿವ್ಯ ಇದ್ದಳು. ಕಂಸಾಳೆ ಬೀಸುತ್ತಾ, ತಿರುಗುತ್ತಾ, ನಗುತ್ತಾ, ಎಷ್ಟು ದೊಡ್ಡದಾಗಿ ಕಾಣುತ್ತಿದ್ದಳು! ಹುಡುಗಿಯರು ಚಪ್ಪಾಳೆ ಹೊಡೆದರು. “ನಮ್ ಕೂಸು ನೋಡು!” ಎಂದು ಅವ್ವ ಅಪ್ಪನ ಭುಜ ಅಲುಗಿಸಿದಳು.

ದಿವ್ಯ ಅಪ್ಪನ ಕಡೆ ತಿರುಗಿದಳು. ಅಪ್ಪ ಮುಂದಕ್ಕೆ ಬಾಗಿ, ರೆಪ್ಪೆ ಮಿಟುಕಿಸದೆ, ಆ ಎಡಗಡೆ ಮೂಲೆಯನ್ನೇ ನೋಡುತ್ತಿದ್ದ. ಅಲ್ಲಿ ಕುಣಿಯುತ್ತಿದ್ದ ಮಗಳನ್ನಲ್ಲ. ಅಲ್ಲಿ ಬೆಳಕು ಹೋಗುತ್ತದೆಯೇ ಎಂದು ಕಾಯುತ್ತಿದ್ದ.

ದಿವ್ಯ ಹುಡುಗಿಯರ ನಡುವಿನಿಂದ ಎದ್ದು ಬಂದು ಸ್ಟೂಲಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ತಾನೂ ಆ ಮೂಲೆಯನ್ನೇ ನೋಡತೊಡಗಿದಳು.

ಕುಣಿತ ಮುಗಿದು ಜಾಹೀರಾತು ಬಂದಿತು. ಹುಡುಗಿಯರು ಆಡಲು ಹೊರಗೆ ಓಡಿದರು. ಶಿವಾನಿ ಬಾಗಿಲಿಂದ ಎರಡು ಸಲ ಕರೆದಳು. ದಿವ್ಯ ಏಳಲಿಲ್ಲ.