ನೀಲಿ ಪೊಟ್ಟಣ

ಪುಯೆರ್ತೊ ಲೌರೆಲ್ಲಿನ ಜರ್ಮನ್ ಶಾಲೆಯಲ್ಲಿ ಕಳ್ಳತನವಾಗಿತ್ತು. ಅದೂ ಶತಮಾನೋತ್ಸವದ ವಾರ. ಚರಿತ್ರೆಯ ಕೋಣೆಯ ಗಾಜಿನ ಕಪಾಟು ಭದ್ರವಾಗಿ ಮುಚ್ಚಿತ್ತು. ಒಳಗಿದ್ದ ನೀಲಿ ಕಾಗದದ ಪೊಟ್ಟಣ ಮಾತ್ರ ಮಾಯ.

ಮಗು ಶಾಲೆಗೆ ಸೇರುವ ದಿನ ಕಡಲೆಕಾಯಿ ಪೊಟ್ಟಣದ ಆಕಾರದ್ದೊಂದು ದೊಡ್ಡ ಪೊಟ್ಟಣದ ತುಂಬ ಸಿಹಿ ಕೊಟ್ಟು ಕಳಿಸುವುದು ನಮ್ಮೂರಿಗೆ ವಲಸೆ ಬಂದ ಜರ್ಮನ್ ಮನೆಗಳ ಪದ್ಧತಿ. ಶಾಲೆಯ ಮುದ್ರೆಯಿದ್ದ ಹಳೆಯ ಪೊಟ್ಟಣ ಉಳಿದದ್ದು ಇದೊಂದೇ.

"ಆ ಲೌತಾರೋದೇ ಕೆಲಸ!" ಮುಖ್ಯೋಪಾಧ್ಯಾಯ ದೋನ್ ಎರ್ವಿನ್ ಗುಡುಗಿದರು. "ಹಳೇ ಸಾಮಾನು ಮಾರೋನು. ಮೊನ್ನೆ ಇಲ್ಲೇ ಸುಳಿದಾಡ್ತಿದ್ದ. ಒಂದು ಕಪ್ಪುಚುಕ್ಕೆ ಇಲ್ಲದ ಶಾಲೆ ಮೇಡಂ ಇದು!"

ಇನ್ಸ್‌ಪೆಕ್ಟರ್ ಮಿರೇಯಾ ಓಹೆದಾ ಕಪಾಟನ್ನೇ ನೋಡುತ್ತಿದ್ದಳು. ಬೀಗ ಮುಟ್ಟಿಲ್ಲ. ಬಾಗಿಲಿನ ತಿರುಪುಗಳನ್ನು ಬಿಚ್ಚಿ ಮತ್ತೆ ಹಾಕಿದ್ದಾರೆ, ಮರಕ್ಕೆ ಒಂದು ಗೀರೂ ಬೀಳದಂತೆ. ಪೊಟ್ಟಣವಿದ್ದ ಜಾಗದಲ್ಲಿ ಮಡಿಸಿಟ್ಟ ಹಳೆ ಪತ್ರಿಕೆಗಳು.

"ಇವೇನು?"

"ಪೊಟ್ಟಣ ಕುಸೀದಿರಲಿ ಅಂತ ಒಳಗೆ ತುರುಕಿದ್ವಿ."

*

ಮಿರೇಯಾ ಕೇಳಿದ್ದಕ್ಕೆ ಲೌತಾರೊ ಹೊಟ್ಟೆ ಹಿಡಿದು ನಕ್ಕ. "ಕಾಗದಕ್ಕೆ ಯಾರು ಕೈ ಹಾಕ್ತಾರಕ್ಕಾ? ನಾನು ಕಣ್ಣಿಟ್ಟಿದ್ದು ಪಕ್ಕದ ಬೆಳ್ಳಿ ಬಟ್ಟಲ ಮೇಲೆ. ಅದು ಹೋದ ದಿನ ಬನ್ನಿ."

ಬಟ್ಟಲು ಕಪಾಟಿನಲ್ಲೇ ಇತ್ತು. ಮಾತು ಒರಟಾದರೂ ಹುರುಳಿತ್ತು. ಮಿರೇಯಾ ನೇರ ಮಿಠಾಯಿ ಅಂಗಡಿಗೆ ಹೋದಳು.

"ಈ ಆಗಸ್ಟ್ ಚಳೀಲಿ ಯಾರಾದ್ರೂ ರಾಶಿ ಸಿಹಿ ಕೊಂಡ್ರಾ?"

"ಬ್ರೂನೊ ತಾತ!" ಅಂಗಡಿಯಾಕೆ ನಕ್ಕಳು. "ಬಾಯಲ್ಲಿ ಹಲ್ಲಿಲ್ಲ, ಚಾಕೊಲೇಟು ನೋಡಿ ಚೀಲದ ತುಂಬ."

ಬ್ರೂನೊ ಅದೇ ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತರಾದವರು.

*

ದೋನ್ ಎರ್ವಿನ್‌ರನ್ನೂ ಕರೆದುಕೊಂಡೇ ಮಿರೇಯಾ ಬಾಗಿಲು ತಟ್ಟಿದಳು. ಮುದುಕ ಸುಳ್ಳು ಹೇಳಲಿಲ್ಲ.

"ಹೇಗೆ ಗೊತ್ತಾಯ್ತಮ್ಮಾ?"

"ಮಾರೋ ಕಳ್ಳ ಪತ್ರಿಕೆ ತೆಗೀತಿರಲಿಲ್ಲ ತಾತ, ಪೊಟ್ಟಣ ಕುಸಿದು ಹಾಳಾಗುತ್ತೆ. ತೆಗೆದವರಿಗೆ ಅದರಲ್ಲಿ ಸಿಹಿ ತುಂಬಬೇಕಿತ್ತು. ಆದ್ರೆ ನಮ್ಮಲ್ಲಿ ಶಾಲೆ ಶುರುವಾಗೋದು ಮಾರ್ಚಲ್ಲಿ, ಇದು ಆಗಸ್ಟ್. ಈಗ ಯಾವ ಮಗುವಿಗೆ ಅಂತ ಸಿಹಿ ಅಂಗಡೀಲಿ ಕೇಳ್ದೆ. ತಿರುಪು ನೋಡಿದಾಗ್ಲೇ ಬಡಗಿ ಕೈ ಅನಿಸಿತ್ತು."

ಬ್ರೂನೊ ಪಕ್ಕಕ್ಕೆ ಸರಿದರು. ಒಲೆಯ ಬಳಿ ಅವರ ಹೆಂಡತಿ ಎಡಿತ್, ಎಂಬತ್ತು ದಾಟಿದ ಅಜ್ಜಿ, ಎರಡು ಜಡೆ ಹಾಕಿಕೊಂಡು ನೀಲಿ ಪೊಟ್ಟಣವನ್ನು ತಬ್ಬಿ ಕೂತಿದ್ದಳು.

"ಮರೆವಿನ ಕಾಯಿಲೆ. ಈಗವಳಿಗೆ ಆರು ವರ್ಷ. ದಿನಾ ಶಾಲೆಗೆ ಹೊರಡ್ತಾಳೆ. ನಾನೇ ಒಂದು ಪೊಟ್ಟಣ ಮಾಡಿಕೊಟ್ಟೆ. ಶಾಲೆ ಮುದ್ರೆ ಇಲ್ಲ ಅಂತ ಅತ್ತಳು."

"ಕೇಳಿದ್ರೆ ಕೊಡ್ತಿದ್ನಲ್ಲ, ಬ್ರೂನೊ!"

"ಯಾಕೆ ಅಂತ ಹೇಳ್ಬೇಕಾಗ್ತಿತ್ತಲ್ಲ ಸಾರ್." ಬ್ರೂನೊ ಹೆಂಡತಿಯ ಕಡೆ ನೋಡಿದರು. "ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ, ಶಾಲೆ ಸೇರೋ ದಿನ, ಗೇಟಿನ ಹತ್ರ ಎಲ್ಲ ಮಕ್ಕಳ ಹೆಸರೂ ಕರೆದ್ರು. ಯಹೂದಿ ಮಗು ಅಂತ ಇವಳದ್ದು ಕರೀಲಿಲ್ಲ. ಗೇಟು ಮುಚ್ಚೋ ತನಕ ನಿಂತಿದ್ದಳಂತೆ. ನಿಮ್ಮ ಹಬ್ಬದ ಹೊತ್ತಲ್ಲಿ ಇದನ್ನ ಹೇಗೆ ಹೇಳಲಿ?"

ದೋನ್ ಎರ್ವಿನ್ ತಲೆ ತಗ್ಗಿಸಿದರು. ಕೋಟು ಟೈ ಹಾಕಿದ ಅವರನ್ನು ಕಂಡು ಎಡಿತ್ ಎದ್ದು ನಿಂತಳು.

"ಇವತ್ತಾದ್ರೂ ನನ್ನ ಹೆಸರು ಇದೆಯಾ ಸಾರ್?"

ತವರಿನ ಹೆಸರನ್ನು ಬ್ರೂನೊ ಮೆಲ್ಲಗೆ ಹೇಳಿಕೊಟ್ಟರು. ದೋನ್ ಎರ್ವಿನ್ ನೆಟ್ಟಗೆ ನಿಂತು, ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದರು.

"ಎಡಿತ್ ಲೆವೆನ್‌ಬಾಖ್!"

"ಬಂದೆ ಸಾರ್!"

ಎಡಿತ್ ಓಡಿಬಂದು ಅವರ ಕೈ ಹಿಡಿದಳು. ಅವರ ಕಣ್ಣು ತುಂಬಿತ್ತು.

"ದೂರು ಹರಿದುಹಾಕಿ ಮೇಡಂ," ಎಂದವರು ಎಡಿತ್ ಕಡೆ ಬಾಗಿದರು. "ಹೊರಗೆ ಚಳಿ ಇದೆ, ಕೋಟು ಹಾಕ್ಕೋ ಮಗೂ. ಶಾಲೆಗೆ ಹೋಗೋಣ."