ಎರಡನೇ ಟ್ರ್ಯಾಕಿನಲ್ಲಿ ಒಂದು ಬಿಳಿ ತೇಪೆ

ಟೇಪಿನ ಮೇಲೆ ಯಾರೋ ಬ್ಲೇಡ್ ಆಡಿಸಿದ್ದಾರೆ ಎಂದು ಎಂಜಿನಿಯರ್ ಫೋನಿನಲ್ಲಿ ಹೇಳಿದ. ಊಟದ ತಟ್ಟೆಯನ್ನು ಹಾಗೇ ಬಿಟ್ಟು ಸ್ಟುಡಿಯೋಗೆ ಓಡಿದೆ.

ಹಳೆಯ ಸಿನಿಮಾಗಳನ್ನು ಡಿಸ್ಕ್ ಮಾಡಿ ಮಾರುವುದು ನನ್ನ ಕಸುಬು. ನಮ್ಮ ಡಿಸ್ಕಿನ ವಿಶೇಷವೆಂದರೆ ಎರಡನೇ ಟ್ರ್ಯಾಕ್ — ರಿಮೋಟಿನ ಒಂದು ಗುಂಡಿ ಒತ್ತಿದರೆ ಮಾತು, ಸದ್ದು ಎಲ್ಲ ಮಾಯವಾಗಿ ಬರೀ ಹಿನ್ನೆಲೆ ಸಂಗೀತ ಕೇಳುತ್ತದೆ. ಈ ಸಲದ ಡಿಸ್ಕಿಗಂತೂ ಅದೇ ಬಂಡವಾಳ. ಚಿತ್ರಕ್ಕೆ ಮೊದಲು ಸಂಗೀತ ಮಾಡಿದ್ದವರು ದೊಡ್ಡ ಮೇಷ್ಟ್ರು. ಡೈರೆಕ್ಟರು ಅದನ್ನು ಬೇಡವೆಂದು ತಳ್ಳಿ, ಆ ಮೇಷ್ಟ್ರ ಒಡಹುಟ್ಟಿದ ತಮ್ಮನನ್ನೇ, ಅಂದರೆ ಚಿಕ್ಕ ಮೇಷ್ಟ್ರನ್ನು, ಕರೆಸಿ ಎಲ್ಲವನ್ನೂ ಹೊಸದಾಗಿ ಮಾಡಿಸಿದರು. ಚಿತ್ರ ಗೆದ್ದಿತು. ತಾಯಿ ರೈಲು ನಿಲ್ದಾಣದಲ್ಲಿ ಕಾಯುವ ದೃಶ್ಯದ ಪಿಟೀಲಿನ ರಾಗ ಎಲ್ಲರ ಬಾಯಲ್ಲೂ ನಲಿಯಿತು. ದೊಡ್ಡ ಮೇಷ್ಟ್ರು ತಮ್ಮನ ಜೊತೆ ಮಾತು ಬಿಟ್ಟವರು ಸಾಯುವವರೆಗೂ ಆಡಲಿಲ್ಲ.

ಆ ರಾಗ ಅಪ್ಪನದು, ಚಿಕ್ಕಪ್ಪ ಕದ್ದರು ಎಂದು ದೊಡ್ಡ ಮೇಷ್ಟ್ರ ಮಗಳು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅಪ್ಪ ತೀರಿಕೊಂಡ ದಿನ ಚಿಕ್ಕಪ್ಪನನ್ನು ಬಾಗಿಲಲ್ಲೇ ತಡೆದು ವಾಪಸು ಕಳಿಸಿದ್ದರು. ಈಗ ಆ ಮಗಳಿಗೆ ಮನೆಯ ಅಟ್ಟದ ಮೇಲೆ ಆ ಬೇಡವಾದ ಸಂಗೀತದ ಟೇಪು ಸಿಕ್ಕಿತ್ತು. ಅದನ್ನು ಕೇಳುವ ಯಂತ್ರ ಯಾರ ಮನೆಯಲ್ಲೂ ಇರುವಂಥದ್ದಲ್ಲ. ಸೀದಾ ನನ್ನ ಕೈಗೆ ತಂದುಕೊಟ್ಟು, ನಿಜ ಏನೆಂದು ಲೋಕಕ್ಕೇ ಕೇಳಿಸಲಿ ಅಂದರು. ನನಗೂ ಅದೇ ಬೇಕಿತ್ತು. ಜಗಳವಿದ್ದರೆ ಡಿಸ್ಕು ಖರ್ಚಾಗುತ್ತದೆ, ಸುಳ್ಳೇಕೆ ಹೇಳಲಿ? ಸಂಗೀತದ ತುಣುಕುಗಳ ನಡುವೆ ರೆಕಾರ್ಡಿಂಗ್ ಕೋಣೆಯಲ್ಲಿ ಆಡಿದ ಮಾತೂ ಸೇರಿ ಟೇಪಿನಲ್ಲಿರುವುದೆಲ್ಲ ಎರಡನೇ ಟ್ರ್ಯಾಕಿನಲ್ಲಿ ಬರುತ್ತದೆಂದು ಮೊದಲೇ ಡಂಗುರ ಹೊಡೆದಿದ್ದೆ.

ಎಂಜಿನಿಯರ್ ಸಪ್ಪೆ ಮುಖ ಮಾಡಿಕೊಂಡು ತೋರಿಸಿದ. ಕಂದು ಟೇಪಿನ ನಡುವೆ ಗೇಣುದ್ದದ ಬಿಳಿ ಖಾಲಿ ಟೇಪು. ಹಳೆಯ ಸೀರೆಗೆ ಹೊಸ ತೇಪೆ ಹಾಕಿದ ಹಾಗೆ. ಅದೂ ಎಲ್ಲಿ? ಸರಿಯಾಗಿ ನಿಲ್ದಾಣದ ರಾಗದ ಮುಂದೆ.

ಚಿಕ್ಕ ಮೇಷ್ಟ್ರದೇ ಕೆಲಸ ಎಂದು ನಾನು ಆ ಕ್ಷಣವೇ ತೀರ್ಮಾನಿಸಿದೆ. ಆದರೂ ಭಾವನಿಗೆ ಫೋನ್ ಮಾಡಿದೆ. ಭಾವ ಎಂದರೆ ಅಕ್ಕನ ಗಂಡ. ಪೊಲೀಸ್ ಕೆಲಸದಿಂದ ನಿವೃತ್ತರಾದ ಮೇಲೆ ಅಡುಗೆಮನೆಯಲ್ಲಿ ಕಾಣೆಯಾದ ಚಮಚಗಳ ವಿಚಾರಣೆ ನಡೆಸಿ ಅಕ್ಕನ ತಲೆ ತಿನ್ನುತ್ತಿದ್ದರು. ಕರೆದದ್ದೇ ತಡ, ಬಂದರು.

ಟೇಪಿನ ಜೊತೆ ಒಬ್ಬರೇ ಇದ್ದವರು ಯಾರು ಯಾರು ಎಂದು ಮೊದಲು ಕೇಳಿದರು. ಮೂವರು ಎಂದ ಎಂಜಿನಿಯರ್. ಯಂತ್ರ ರಿಪೇರಿಯಾಗಿ ಬಂದಿತ್ತಷ್ಟೇ, ನಕಲು ತೆಗೆಯುವುದು ಬಾಕಿಯಿತ್ತು. ಒಪ್ಪಿಗೆಗೆ ಸಹಿ ಹಾಕುವ ಮುಂಚೆ ಒಮ್ಮೆ ಕೇಳುತ್ತೇವೆಂದು ಡೈರೆಕ್ಟರು, ಚಿಕ್ಕ ಮೇಷ್ಟ್ರು, ಮಗಳು ಬೇರೆ ಬೇರೆಯಾಗಿ ಬಂದುಹೋಗಿದ್ದರು. ಬ್ಲೇಡು, ಬಿಳಿ ಟೇಪು, ಅಂಟುಪಟ್ಟಿ ಎಲ್ಲ ಮೇಜಿನ ಮೇಲೇ ಇದ್ದವು. ಟೇಪು ಕತ್ತರಿಸಿ ಜೋಡಿಸುವುದು ಮೂವರಿಗೂ ಗೊತ್ತು. ಮಗಳೂ ಎಳವೆಯಲ್ಲಿ ಅಪ್ಪನ ಕೋಣೆಯಲ್ಲಿ ಅದೇ ಕೆಲಸ ಮಾಡಿದವರು.

"ನೀನ್ಯಾಕೆ ಹೊರಗೆ ಹೋದೆ?" ಭಾವ ಗದರಿದರು.

"ಅಷ್ಟು ವರ್ಷ ಆದ್ಮೇಲೆ ಕೇಳೋರು. ಅವರ ಮುಖ ನೋಡ್ಕೊಂಡು ಕೂರೋಕೆ ಆಗ್ಲಿಲ್ಲ ಸರ್. ನಂದೇ ತಪ್ಪು."

ಡೈರೆಕ್ಟರು ಫೋನಿನಲ್ಲೇ ಉತ್ತರ ಕೊಟ್ಟರು. ಟೇಪಿನ ಶುರುವಿನಲ್ಲಿ ದೊಡ್ಡ ಮೇಷ್ಟ್ರು ವಾದ್ಯದವರ ಮುಂದೆ ಡೈರೆಕ್ಟರನ್ನೇ ಕತ್ತೆ ಎಂದು ಬೈದದ್ದು ಕೇಳಿಸಿತಂತೆ. ಅಲ್ಲಿಗೇ ಎದ್ದು ಬಂದರಂತೆ. ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೆ ಬಿಡಿ, ಅಂದರಂತೆ.

ಚಿಕ್ಕ ಮೇಷ್ಟ್ರ ಮನೆಗೆ ನಾನೂ ಹೋದೆ. ಮುದುಕರು ಟೇಪು ಕೇಳಲೇ ಇಲ್ಲವಂತೆ. ಕೋಣೆಯಲ್ಲಿ ಸುಮ್ಮನೆ ಕೂತು ಎದ್ದು ಬಂದರಂತೆ. ಯಾಕೆ ಎಂದರು ಭಾವ.

"ಅಣ್ಣ ನನ್ನನ್ನ ಬೈದಿದ್ರೆ?" ಅಂದರು ಅವರು. "ಕೇಳೋಕೆ ಧೈರ್ಯ ಸಾಲ್ಲಿಲ್ಲ."

ಎಂಥ ಪಾಪದವರ ನಾಟಕ, ಎಂದುಕೊಂಡೆ ನಾನು. ದಾರಿಯಲ್ಲಿ ಭಾವನಿಗೆ ಹಾಗೇ ಅಂದೂಬಿಟ್ಟೆ. ಮಗಳನ್ನು ವಿಚಾರಿಸುವುದೇ ಬೇಡ, ಟೇಪು ಕೊಟ್ಟವರೇ ಅವರು ಎಂದೆ.

ಸ್ಟುಡಿಯೋದಲ್ಲಿ ಪರದೆಯ ಮೇಲೆ ಚಿತ್ರ ಹಾಕಿ, ಜೊತೆಗೇ ಟೇಪು ಓಡಿಸಿ, ಯಾವ ತುಣುಕು ಮಾಯವಾಗಿದೆ ನೋಡು ಅಂದರು ಭಾವ. ನೋಡಿದೆ. ಒಂದೊಂದು ದೃಶ್ಯಕ್ಕೂ ಸಂಗೀತ ಸರಿಯಾಗಿ ಕೂತಿತು. ಬಿಳಿ ತೇಪೆ ದಾಟಿದ ಕೂಡಲೇ "ಒಂದು... ಎರಡು..." ಎಂದು ದೊಡ್ಡ ಮೇಷ್ಟ್ರ ದನಿ, ಹಿಂದೆಯೇ ಪಿಟೀಲು, ಅದೇ ರಾಗ.

"ಏನು ಹೋಗಿದೆ?"

"ಏನೂ ಹೋಗಿಲ್ಲ ಭಾವ."

"ಏನೂ ಇಲ್ಲದ್ದನ್ನ ಕದಿಯೋಕೆ ಯಾರು ಬ್ಲೇಡ್ ಹಿಡೀತಾರೋ?"

ಮರುದಿನ ಎಲ್ಲರನ್ನೂ ಕರೆಸಿದರು. ಡೈರೆಕ್ಟರು ಮಂಡಿನೋವೆಂದು ಬರಲಿಲ್ಲ. ಚಿಕ್ಕ ಮೇಷ್ಟ್ರು, ಮಗಳು ಸೋಫಾದ ಎರಡು ತುದಿಗೆ ಕೂತರು. ಮಗಳು ಗೋಡೆ ನೋಡುತ್ತಿದ್ದರು.

"ಏನು ಕದ್ದರು ಅಂತ ಎಲ್ಲರೂ ತಲೆ ಕೆಡಿಸ್ಕೊಂಡ್ರಿ," ಭಾವ ಶುರುಮಾಡಿದರು. "ಏನೇನು ಬಿಟ್ಟರು ಅಂತ ನೋಡಲಿಲ್ಲ."

ಡೈರೆಕ್ಟರು ಕತ್ತರಿಸಿದ್ದರೆ ಮೊದಲು ಆ ಕತ್ತೆ ಹೋಗಬೇಕಿತ್ತು. ಅದು ಹಾಗೇ ಇದೆ. ಚಿಕ್ಕ ಮೇಷ್ಟ್ರು ರಾಗ ಕದ್ದವರೇ ಆಗಿದ್ದರೆ ಅವರ ಕಳ್ಳತನಕ್ಕೆ ಸಾಕ್ಷಿ ಆ ಪಿಟೀಲು. ಅದಕ್ಕೊಂದು ಗೀರೂ ಬಿದ್ದಿಲ್ಲ. ಬೇರೆಲ್ಲ ತುಣುಕುಗಳ ನಡುವೆ ಕೆಮ್ಮು, ಕುರ್ಚಿ ಸದ್ದು, ಮಾತು ಇದೆ. ಇಲ್ಲೊಂದು ಕಡೆ ಮಾತ್ರ ಮೌನ. ಹಾಗಾದರೆ ಹೋದದ್ದು ಸಂಗೀತವಲ್ಲ. ಮಾತು. ರಾಗ ಲೋಕಕ್ಕೆ ಕೇಳಿಸಬೇಕು, ಅದರ ಮುಂದಿನ ಮಾತು ಮಾತ್ರ ಕೇಳಿಸಬಾರದು — ಹೀಗೆ ಬೇಕಾಗಿದ್ದದ್ದು ಯಾರಿಗೆ?

"ಇನ್ನೊಂದಿದೆ. ಮಾತಿನ ಜೊತೆ ಆ ಒಂದು, ಎರಡನ್ನೂ ತೆಗೆದಿದ್ರೆ ಕೆಲಸ ಸುಲಭ ಆಗ್ತಿತ್ತು. ತೆಗೆದಿಲ್ಲ. ಉಸಿರಿನ ಸಂದು ಹುಡುಕಿ ಬ್ಲೇಡ್ ಇಟ್ಟಿದ್ದಾರೆ. ಬೇಕಾದ್ದಕ್ಕಿಂತ ಒಂದು ಅಕ್ಷರ ಹೆಚ್ಚಿಗೆ ಕತ್ತರಿಸೋಕೆ ಕೈ ಬಂದಿಲ್ಲ. ಅಪ್ಪನ ದನಿ ಅಲ್ವಾಮ್ಮ?" ಭಾವ ಮಗಳ ಕಡೆ ತಿರುಗಿದರು. "ಆ ತುಂಡನ್ನ ಎಸೆಯೋಕೂ ಕೈ ಬಂದಿರಲ್ಲ ನಿಮಗೆ."

ಮಗಳು ಚೀಲ ತೆರೆದು, ಕರವಸ್ತ್ರ ಬಿಚ್ಚಿ, ಸುರುಳಿ ಸುತ್ತಿದ ಕಂದು ಟೇಪನ್ನು ಮೇಜಿನ ಮೇಲಿಟ್ಟರು.

"ಸುಟ್ಟುಬಿಡೋಣ ಅಂತ ಒಲೆ ಮುಂದೆ ನಿಂತೆ. ಆಗ್ಲಿಲ್ಲ," ಅಂದರು. "ಅಪ್ಪ ಹೋದ ದಿನ ಇವರನ್ನ ಬಾಗಿಲಲ್ಲಿ ನಿಲ್ಲಿಸಿ ಕಳ್ಳ ಅಂದೆ. ಹೆಣದ ಮುಖಾನೂ ನೋಡೋಕೆ ಬಿಡಲಿಲ್ಲ. ಈ ಮಾತು ಹೊರಗೆ ಬಂದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?"

ತುಂಡನ್ನು ಅವರೇ ಜೋಡಿಸಿದರು. ಬಿಳಿ ಟೇಪು ತೆಗೆದು, ಅಂಚು ಕೂಡಿಸಿ, ಅಂಟುಪಟ್ಟಿಯನ್ನು ಉಗುರಿನಿಂದ ತೀಡಿದರು. ಯಂತ್ರ ತಿರುಗಿತು. ಕುರ್ಚಿ ಎಳೆದ ಸದ್ದು, ಯಾರದೋ ಕೆಮ್ಮು. ಆಮೇಲೆ ದೊಡ್ಡ ಮೇಷ್ಟ್ರು:

"ಈ ರಾಗ ನಂದಲ್ಲಪ್ಪ. ನನ್ನ ತಮ್ಮ ಕೊಟ್ಟಿದ್ದು. ಹೇಳ್ಬೇಡ ಅಂದಿದ್ದಾನೆ, ಆದ್ರೂ ಹೇಳ್ತೀನಿ. ನೋಡ್ಕೊಂಡು ನುಡಿಸಿ. ಒಂದು... ಎರಡು..."

ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಆ ರಾಗ ಯಾರದು ಎಂಬ ಪ್ರಶ್ನೆಯನ್ನು ದಪ್ಪಕ್ಷರದಲ್ಲಿ ಡಿಸ್ಕಿನ ಮೇಲೆ ಹಾಕಿಸಲು ಕೊಟ್ಟವನು ನಾನೇ. ಮುದುಕರನ್ನು ನಾಟಕದವರೆಂದು ಜರೆದವನೂ ನಾನೇ.

ಯಾಕೆ ಒಂದು ದಿನವೂ ಬಾಯಿ ಬಿಡಲಿಲ್ಲ ಎಂದು ಮಗಳು ಕೇಳಿದರು. ಚಿಕ್ಕ ಮೇಷ್ಟ್ರು ತಲೆ ಎತ್ತಲಿಲ್ಲ.

"ರಾಗ ಕದೀಲಿಲ್ಲ ಮಗಳೇ. ಅಣ್ಣನ ಕೆಲಸ ಕಿತ್ಕೊಂಡೆ. ಡೈರೆಕ್ಟರು ಕರೆದಾಗ ಆಗಲ್ಲ ಅನ್ನಬೇಕಿತ್ತು, ಅನ್ನಲಿಲ್ಲ. ಆಸೆ. ನೀನು ಕಳ್ಳ ಅಂದಾಗ ಅಲ್ಲ ಅನ್ನೋಕೆ ಯಾವ ಬಾಯಿ ಇತ್ತು ನನಗೆ?"

ಟೇಪಿನ ಆ ಮಾತನ್ನು ಡಿಸ್ಕಿಗೆ ಹಾಕುವುದು ಬೇಡ, ಅಣ್ಣನ ಹೆಸರು ಸಣ್ಣದಾಗುತ್ತದೆ ಎಂದು ಅವರೇ ನನ್ನನ್ನು ಕೇಳಿಕೊಂಡರು. ಹಾಕಲೇಬೇಕು, ತಪ್ಪು ಮಾಡಿದವಳು ನಾನು, ಎಲ್ಲರಿಗೂ ಗೊತ್ತಾಗಲಿ ಎಂದು ಮಗಳು ಹಟ ಹಿಡಿದರು.

"ಏನಾದ್ರೂ ಮಾಡ್ಕೊಳ್ಳಿ," ಅಂದರು ಚಿಕ್ಕ ಮೇಷ್ಟ್ರು ಕೊನೆಗೆ. "'ನನ್ನ ತಮ್ಮ' ಅಂದನಲ್ಲ ಅಣ್ಣ. ಅದೊಂದು ಇನ್ನೊಂದ್ಸಲ ಕೇಳಿಸಮ್ಮ."

ಮಗಳು ಯಂತ್ರದ ಮುಂದೆ ಬಗ್ಗಿದರು. ಕಣ್ಣು ತುಂಬಿ ಗುಂಡಿ ಕಾಣಲಿಲ್ಲ, ಕೈ ಅತ್ತಿತ್ತ ತಡಕಾಡಿತು. ಎಂಜಿನಿಯರ್ ಮುಂದೆ ಬಂದ.

"ನೀವು ಬಿಡಿ," ಅಂದರು ಮಗಳು. "ಕತ್ತರಿಸಿದ್ದು ನಾನು, ನಾನೇ ಹಾಕ್ತೀನಿ."